ಹೊರಗಿನ ಕಾಲು

ಅಥವಾ ನಾನು ಮಾಡಿ ತಂದ ಆ ಜೆಲ್ಲಿನ ತುಂಡು ತಿಳಿಯಾಗಿರಲೇ ಇಲ್ಲವೇನೋ. ನನ್ನ ನೆನಪಿನಲ್ಲಿ ಅದು ಸ್ಟೀಲ್ ಡಬ್ಬಿಯ ತಳ ಕಾಣುವಷ್ಟು ತಿಳಿ. ಮುಚ್ಚಳ ತೆಗೆದು ಅಕ್ಕನ ಮುಂದೆ ಹಿಡಿದೆ. ಅವಳು ತೋರುಬೆರಳಿನಿಂದ ಒತ್ತಿದಳು. ಬೆರಳು ತೆಗೆದೊಡನೆ ಕುಳಿ ತುಂಬಿಕೊಂಡಿತು. "ಇದೇನ, ಗಿಣ್ಣ ಮಾಡ್ಕೊಂಡ ಬಂದಿ?" ಎಂದಳು. ಆದರೆ ಗಿಣ್ಣು ಬೆಳ್ಳಗಿರುತ್ತದೆ. ಈದ ಎಮ್ಮೆಯ ಮೊದಲ ಹಾಲನ್ನು ಬೇಯಿಸಿ ಗಟ್ಟಿ ಮಾಡಿದ್ದನ್ನು ಉಂಡು ಬೆಳೆದವಳು ತಿಳಿನೀರಿನಂಥ ವಸ್ತುವಿಗೆ ಆ ಹೆಸರು ಕೊಡುವುದಿಲ್ಲ. ಅಲ್ಲದೆ ನಾನು ಹಿಡಿದಿದ್ದ ವಿಧಾನದಲ್ಲಿ, ಅಂದರೆ ದ್ರಾವಣವನ್ನು ಹೆಪ್ಪುಗಟ್ಟಿಸಿ, ಕರಗಿಸಿ, ಮತ್ತೆ ಹೆಪ್ಪುಗಟ್ಟಿಸುವ ವಿಧಾನದಲ್ಲಿ, ಜೆಲ್ ತಿಳಿಯಾಗಿ ಉಳಿಯುವುದಿಲ್ಲ. ಅದು ಹಾಲಿನ ಬಣ್ಣಕ್ಕೆ ತಿರುಗಲೇಬೇಕು. ಹಾಗಾದರೆ ನಾನು ಇಷ್ಟು ದಿನ ಕಣ್ಣ ಮುಂದೆ ತಂದುಕೊಳ್ಳುತ್ತಿರುವ ಆ ತಿಳಿಯಾದ ತುಂಡು ಯಾವುದು? ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದಾಗಿನ ಯಾವುದೋ ಜೆಲ್ ಇರಬೇಕು. ನೆನಪು ಅದನ್ನು ಎತ್ತಿ ತಂದು ಹತ್ತಿಮತ್ತೂರಿನ ಪಡಸಾಲೆಯಲ್ಲಿ ಇಟ್ಟಿದೆ.

ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಬರೆಯುವುದರಲ್ಲಿ ಇಂಥ ಬದಲಿ ತುಂಡುಗಳು ಇನ್ನೆಷ್ಟಿವೆಯೋ ನನಗೆ ತಿಳಿಯದು. ಒಂದೊಂದನ್ನೂ ರಸಾಯನಶಾಸ್ತ್ರದಿಂದ ಪರೀಕ್ಷಿಸಲು ಆಗುವುದಿಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ದುಂಡಸಿಯಿಂದ ಹತ್ತಿಮತ್ತೂರಿಗೆ ಮದುವೆಯಾಗಿ ಹೋದವಳು. ಅಲ್ಲಿ ಅರ್ಧ ಊರಿಗೆ ಕುಪ್ಪಸ ಹೊಲಿದುಕೊಟ್ಟವಳು. ಸಕ್ಕರೆ ಕಾಯಿಲೆಯಿಂದ ಅವಳ ಬಲಗಾಲಿನ ಹೆಬ್ಬೆರಳಿನ ಗಾಯ ಮಾಯದೆ ಮೇಲೇರಿ, ಮೊಣಕಾಲಿನ ಒಂದು ಗೇಣು ಕೆಳಗೆ ಕಾಲು ತೆಗೆಯಬೇಕಾಯಿತು. ಹುಬ್ಬಳ್ಳಿಯ ಡಾಕ್ಟರು ಮನೆಗೆ ಕಳಿಸುವಾಗ ಹೇಳಿದ ಮಾತು ಒಂದೇ. "ಮೊಣಕಾಲ ಉಳದೈತಿ. ಅದನ್ನ ಕಾಯ್ಕೊಳ್ರಿ. ಮೊಣಕಾಲ ಇರೂತನಕ ನಿಮ್ಮ ಕೆಲಸ ನೀವ ಮಾಡ್ಕೋತೀರಿ." ಈ ಮಾತನ್ನು ನಾನು ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆ ಎಂದು ನಂಬುತ್ತೇನೆ. ಆಮೇಲಿನ ದಿನಗಳಲ್ಲಿ ಅಕ್ಕ ಅದನ್ನು ಎಷ್ಟೋ ಸಲ, ಡಾಕ್ಟರ ದನಿಯನ್ನೇ ಅಣಕಿಸಿ, ನನಗೆ ಹೇಳಿದ್ದಾಳೆ.

ಕೃತಕ ಕಾಲು ಬಂತು. ಉಳಿದ ಮೊಂಡನ್ನು ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲಿನೊಳಗೆ ಇಳಿಸಬೇಕು. ಚರ್ಮ ಉಜ್ಜದಂತೆ ನಡುವೆ ಸಿಲಿಕೋನಿನ ಗವಸು. ಆ ಗವಸಿನ ಮೇಲೆ ನನಗೆ ಈಗ ಯಾವ ದೂರೂ ಇಲ್ಲ. ಅದು ಹರಿಯಲಿಲ್ಲ, ಸವೆಯಲಿಲ್ಲ. ಆದರೆ ಬೇಸಿಗೆಯಲ್ಲಿ ಅದರೊಳಗೆ ಬೆವರು ನಿಲ್ಲುತ್ತಿತ್ತು, ಮೊಂಡಿನ ತುಂಬ ಬೆವರುಸಾಲೆ ಏಳುತ್ತಿತ್ತು. ಅಕ್ಕ ಗವಸು ಬಿಚ್ಚಿ ತಲೆಕೆಳಗೆ ಹಿಡಿದು ತೋರಿಸಿದಳು.

"ನೋಡ. ಸೊರಗಿದ ಗಿಡಕ್ಕ ಹಾಕಬಹುದು, ಇಷ್ಟ ನೀರ."

"ನಾ ಮಾಡಿ ಕೊಡ್ತೇನಿ ತಗೊ," ಎಂದೆ. "ನೀರಿಂದ ಮಾಡಿದ್ದು. ತಣ್ಣಗಿರ್ತೈತಿ."

"ನೀರಿಂದ ಮಾಡಿದ್ದನ್ನ ಕಾಲಿಗೆ ಹಾಕ್ಕೊಂಡ ಅಡ್ಡಾಡಿದ್ರ ಹರದ್ ಹೋಗೂದಿಲ್ಲೇನ?"

ನಾನು ಧಾರವಾಡದಲ್ಲಿ ಆರು ವರ್ಷ ಕಳೆದದ್ದು ಈ ಪ್ರಶ್ನೆಯ ಮೇಲೆಯೇ. ಹೈಡ್ರೋಜೆಲ್ ಎಂಬುದು ಹೆಚ್ಚೂ ಕಡಿಮೆ ನೀರೇ. ಉದ್ದನೆಯ ಅಣುಗಳ ಒಂದು ಬಲೆ ಆ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಒಂದು ಸಲ ಜೋರಾಗಿ ಎಳೆದರೆ ತಡೆದುಕೊಳ್ಳುವಂತೆ ಅದನ್ನು ಮಾಡಬಹುದು. ಕಷ್ಟವಿರುವುದು ಸಣ್ಣ ಎಳೆತದಲ್ಲಿ. ಒಂದು ಕೂದಲೆಳೆಯಷ್ಟು ಗೀರು ಇದ್ದರೆ ಸಾಕು, ಹತ್ತು ಸಾವಿರ ಸಲ ಮೆಲ್ಲಗೆ ಎಳೆದಾಗ ಆ ಗೀರು ಯಾರಿಗೂ ಕಾಣದಂತೆ ಮುಂದೆ ಹೋಗುತ್ತದೆ, ಒಂದು ದಿನ ಇಡೀ ತುಂಡು ಎರಡಾಗುತ್ತದೆ. ಆ ಆರು ವರ್ಷಗಳಲ್ಲಿ ನಾನು ಮಾಡಿದ ಜೆಲ್‌ಗಳೆಲ್ಲ ನಾಣ್ಯದಗಲದವು. ಪದವಿ ಸಿಕ್ಕಿತು, ಜೆಲ್‌ಗಳು ಬಾಟಲಿಯಲ್ಲಿ ಉಳಿದವು, ನಾನು ಹಾನಗಲ್ಲಿಗೆ ಬಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳತೊಡಗಿದೆ. ಯಾರ ಮೈಮೇಲೂ ಅವುಗಳಲ್ಲಿ ಒಂದನ್ನೂ ಇಟ್ಟಿರಲಿಲ್ಲ. ಅಕ್ಕನಿಗೆ ಮಾಡಿಕೊಡುತ್ತೇನೆ ಎಂದಾಗ ನನಗೆ ಅವಳ ಬೆವರುಸಾಲೆ ಮುಖ್ಯವಾಗಿತ್ತೋ, ಬಾಟಲಿಯಲ್ಲಿ ಉಳಿದ ಆರು ವರ್ಷ ಮುಖ್ಯವಾಗಿತ್ತೋ ಎಂದು ಈಗ ಕೇಳಿಕೊಳ್ಳುತ್ತೇನೆ. ಆಗ ಕೇಳಿಕೊಳ್ಳಲಿಲ್ಲ.

ಬೇಕಾದ ಪುಡಿ ಸುಲಭವಾಗಿ ಸಿಗುತ್ತದೆ. ಪಾಲಿವಿನೈಲ್ ಆಲ್ಕೊಹಾಲ್, ಅಂಟು ಮಾಡಲು, ನೂಲಿಗೆ ಗಂಜಿ ಕೊಡಲು ಬಳಸುವಂಥದ್ದು. ಬಿಸಿನೀರಿನಲ್ಲಿ ಕರಗಿಸಿ, ಅಕ್ಕನ ಮೊಂಡಿನ ಆಕಾರದ ಪ್ಲಾಸ್ಟರ್ ಅಚ್ಚಿನ ಸುತ್ತ ಹೊಯ್ದು, ಹೆಪ್ಪುಗಟ್ಟಿಸಬೇಕು. ನೀರು ಮಂಜುಗಡ್ಡೆಯಾಗುವಾಗ ಅಣುಗಳನ್ನು ಮೂಲೆಗೆ ಒತ್ತುತ್ತದೆ, ಒತ್ತಿದಲ್ಲಿ ಅವು ಗಂಟು ಕಟ್ಟಿಕೊಳ್ಳುತ್ತವೆ. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಗಂಟುಗಳು ಹೆಚ್ಚುತ್ತವೆ. ಇದಕ್ಕೆ ದೊಡ್ಡ ಫ್ರೀಜರ್ ಬೇಕು. ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಸವಣೂರಿನಲ್ಲಿ ಬಸ್ ಬದಲಿಸುವ ಕಡೆ ಶರಬತ್ತು, ಐಸ್‌ಕ್ಯಾಂಡಿ ಮಾರುವ ಒಬ್ಬ ಮುದುಕರ ಅಂಗಡಿಯಿತ್ತು. ಅಕ್ಕ ಅವರನ್ನು ಚಾಚಾ ಎನ್ನುತ್ತಿದ್ದಳು, ನಾನೂ ಹಾಗೇ ಅಂದೆ; ಕಾಲೇಜಿನಲ್ಲಿ ಕಲಿಸುವವಳೆಂದು ಅವರು ನನ್ನನ್ನು ಬಾಯಾರು ಎಂದರು. ಅವರ ಫ್ರೀಜರಿನ ಒಂದು ಮೂಲೆ ಕೇಳಿದೆ. ಅವರು ಪುಡಿಯ ಪೊಟ್ಟಣವನ್ನು ಕೈಯಲ್ಲಿ ತಿರುಗಿಸಿ ನೋಡಿದರು.

"ಬಾಯಾರ, ಇದರ ಮ್ಯಾಲೆ ಆಲ್ಕೋಹಾಲ್ ಅಂತ ಬರದೈತಿ. ನನ್ನ ಕುಲ್ಫಿ ಮಗ್ಗಲಕ ಇದನ್ನ ಇಟ್ಟು ನನಗ ಎಲ್ಲಿ ಕಳಸಬೇಕಂತ ಮಾಡೀರಿ?"

"ಹೆಸರಷ್ಟ ಹಂಗ, ಚಾಚಾ. ಕುಡದ್ರ ನಿಶೇ ಏರೂದಿಲ್ಲ, ಬಾಯಿ ಅಂಟ್ತೈತಿ."

"ಹಂಗಾದ್ರ ನಮ್ಮ ಓಣ್ಯಾಗ ಒಂದ ನಾಕ ಮಂದಿಗೆ ಕುಡಸೂದೈತಿ. ಇಡ್ರಿ."

ಹೀಗೆ ಶುರುವಾಯಿತು. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟೊಡನೆ ಹಾನಗಲ್ಲಿನಿಂದ ಬಂಕಾಪುರ, ಅಲ್ಲಿಂದ ಸವಣೂರು. ವಾರದ ನಡುವೆ ಅಚ್ಚನ್ನು ಹೊರಗೆ ತೆಗೆಯುವುದು, ಒಳಗಿಡುವುದು ಚಾಚಾ ಅವರೇ ಮಾಡುತ್ತಿದ್ದರು. ಕರೆಂಟು ಹೋದಾಗ ಅದು ತಾನಾಗಿಯೇ ಕರಗುತ್ತಿತ್ತು. "ನಿಮ್ಮ ಅರ್ಧ ಕೆಲಸ ಕರೆಂಟ್ನಾವ್ರ ಮಾಡಾಕತ್ತಾರ," ಎಂದು ಅವರು ನಗುತ್ತಿದ್ದರು. ನಾನೂ ನಕ್ಕೆ. ಎಷ್ಟು ಸಲ ಹೆಪ್ಪುಗಟ್ಟಿತು, ಎಷ್ಟು ಸಲ ಕರಗಿತು ಎಂಬ ನನ್ನ ಟಿಪ್ಪಣಿ ಅಲ್ಲಿಂದಲೇ ಸಡಿಲವಾಯಿತು ಎಂದು ನಗುವಾಗ ಹೊಳೆಯಲಿಲ್ಲ.

ಇನ್ನೊಂದು ಮಾತು ಅವರದೋ ಅಲ್ಲವೋ ಹೇಳಲಾರೆ. ಅವರು ಚಿಕ್ಕವರಿದ್ದಾಗ ಕುಸ್ತಿ ಆಡಿದವರು. ಜೆಲ್ಲಿನ ಮೊದಲ ಪಟ್ಟಿಯನ್ನು ನಾನು ಎಳೆದು ತೋರಿಸಿದಾಗ ಅವರು ಅದನ್ನು ಹಿಡಿದು, "ಇದಕ್ಕ ತಾಲೀಮ್ ಆಗಿಲ್ಲ ಬಾಯಾರ. ದಿನಾ ಸ್ವಲ್ಪ ಸ್ವಲ್ಪ ಎಳೀರಿ, ಗಟ್ಟಿ ಆಕ್ಕೈತಿ," ಎಂದರು. ಇದು ನನ್ನ ನೆನಪು. ಆದರೆ ಜೆಲ್ಲನ್ನು ನೀರಿನೊಳಗೆ ಸಾವಿರಾರು ಸಲ ಹದವಾಗಿ ಎಳೆದರೆ ಒಳಗಿನ ಎಳೆಗಳು ಒಂದೇ ದಿಕ್ಕಿಗೆ ಸಾಲುಗಟ್ಟುತ್ತವೆ, ಆಗ ಗೀರು ಮುಂದೆ ಹೋಗಲಾರದು ಎಂಬುದನ್ನು ನಾನು ಧಾರವಾಡದಲ್ಲೇ ಓದಿದ್ದೆ. ಓದಿದ್ದನ್ನು ಒಬ್ಬ ಮುದುಕರ ಬಾಯಲ್ಲಿ ಇಟ್ಟರೆ ಕಥೆ ಚೆನ್ನಾಗಿ ಕೇಳಿಸುತ್ತದೆ, ಅದಕ್ಕೇ ನನಗೆ ಅನುಮಾನ. ಈಚೆಗೆ ಚಾಚಾ ಅವರನ್ನೇ ಕೇಳಿದೆ. "ಅಂದಿರಬೇಕು," ಎಂದರು. "ನಾ ಎಲ್ಲಾರಿಗೂ ಅದನ್ನ ಹೇಳ್ತೇನಿ."

ಯಾರು ಹೇಳಿದ್ದಾದರೂ ತಾಲೀಮು ಕೊಟ್ಟೆ. ಅದಕ್ಕೆ ಯಂತ್ರವೂ ಅಕ್ಕನ ಮನೆಯಿಂದಲೇ ಬಂತು. ಅವಳ ತುಳಿಯುವ ಹೊಲಿಗೆ ಮಷಿನ್ನು ಪಡಸಾಲೆಯಲ್ಲಿ ಬಟ್ಟೆ ಮುಚ್ಚಿಕೊಂಡು ನಿಂತಿತ್ತು. "ತಗೊಂಡ ಹೋಗು," ಎಂದಳು. "ನನ್ನ ಕಾಲ ಹೋತು, ಅದರ ಕಾಲಿಗೆ ತುಕ್ಕ ಹತ್ತೇತಿ." ಅದನ್ನು ಹಾನಗಲ್ಲಿನ ನನ್ನ ಬಾಡಿಗೆ ಕೋಣೆಗೆ ಸಾಗಿಸಿ, ಚಕ್ರಕ್ಕೆ ಒಂದು ಹಲಗೆ ಕಟ್ಟಿ, ಹಲಗೆಯ ಮೇಲೆ ಕಲ್ಲು ಬಿಗಿದೆ. ಚಕ್ರ ಒಂದು ಸುತ್ತು ಬಂದರೆ ಹಲಗೆ ಏಳುತ್ತದೆ, ನೀರಿನ ತಟ್ಟೆಯಲ್ಲಿಟ್ಟ ಜೆಲ್ ಮೇಲೆ ಕೂರುತ್ತದೆ. ಒತ್ತಿದಾಗ ಜೆಲ್ ಬದಿಗೆ ಹಿಗ್ಗುತ್ತದೆ, ಅದೇ ಅದರ ಎಳೆತ. ಒಂದು ಸುತ್ತು, ಒಂದು ಹೆಜ್ಜೆ. ಮೊದಲ ವಾರ ನಾನೇ ತುಳಿದೆ, ಆಮೇಲೆ ಸಣ್ಣ ಮೋಟರು ಕೂರಿಸಿದೆ, ಸುತ್ತು ಎಣಿಸುವ ಮೀಟರು ಹಾಕಿದೆ. ಜೆಲ್ಲಿಗೆ ಬ್ಲೇಡಿನಿಂದ ಮೊದಲೇ ಒಂದು ಗೀರು ಹಾಕಿಟ್ಟು, ಆ ಗೀರು ಬೆಳೆಯುತ್ತದೆಯೋ ಎಂದು ಭೂತಗನ್ನಡಿ ಹಿಡಿದು ನೋಡುತ್ತಿದ್ದೆ. ಕೆಳಗಿನ ಮನೆಯ ಯಜಮಾನಿ ಒಂದು ದಿನ ಮೆಟ್ಟಿಲ ಹತ್ತಿರ ನಿಲ್ಲಿಸಿದರು.

"ಮ್ಯಾಲೆ ಏನ ನಡೆದೈತ್ರಿ ಬಾಯಾರ? ನೀವು ಒಬ್ಬಾಕಿ ಇದ್ದೀರಿ. ದಿನಾ ಇಷ್ಟ ರೊಟ್ಟಿ ಬಡದ್ರ ತಿನ್ನೋರ್ ಯಾರ್ರಿ?"

ಮೊದಲ ತುಂಡುಗಳು ಸೋತವು. ಎಷ್ಟು ಎಂದು ಬರೆದಿಟ್ಟಿದ್ದೇನೆ, ಇಲ್ಲಿ ಬೇಡ. ಕೊನೆಗೆ ತಾಲೀಮು ಕೊಟ್ಟ ಒಂದು ತುಂಡು ನಲವತ್ತು ಸಾವಿರ ಸುತ್ತು ತಡೆಯಿತು. ಗೀರು ಬ್ಲೇಡಿನಿಂದ ನಾನು ಹಾಕಿದಲ್ಲೇ ಇತ್ತು. ನಾನು ಮಷಿನ್ನು ನಿಲ್ಲಿಸಿ ಆ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಸಂತೋಷವಾಗಿತ್ತು ಎಂದು ಬರೆಯಬೇಕು. ಬರೆಯುತ್ತೇನೆ, ಸಂತೋಷವಾಗಿತ್ತು.

ಮೊದಲ ಗವಸನ್ನು ಅಕ್ಕನಿಗೆ ಕೊಟ್ಟದ್ದು ಕಾರಹುಣ್ಣಿಮೆಯ ಹಿಂದೆ ಮುಂದೆ. ಅವಳು ಹಾಕಿಕೊಂಡು ಬಾವಿಯವರೆಗೆ ಹೋಗಿ ಬಂದಳು. "ಹೊಳ್ಯಾಗ ಕಾಲ ಇಟ್ಟಂಗ ಆಗತೈತಿ," ಎಂದಳು. ಹದಿನೈದು ದಿನಗಳಲ್ಲಿ ಬೆವರುಸಾಲೆ ಹೋಯಿತು. ಸಿಲಿಕೋನಿನ ಗವಸು ಗೂಟಕ್ಕೆ ಏರಿತು. ಇದರಲ್ಲಿ ಸುಳ್ಳಿಲ್ಲ, ಆ ಹದಿನೈದು ದಿನ ನಿಜವಾಗಿ ಇದ್ದವು.

ಮೂರನೆಯ ವಾರ ಫೋನ್ ಬಂತು. "ನಿನ್ನ ಗಿಣ್ಣ ಹರೀತು."

ಹರಿದದ್ದು ಮೇಲಿನ ಅಂಚಿನಲ್ಲಿ, ಮೊಣಕಾಲಿನ ಕೆಳಗೆ ಒಳಮಗ್ಗುಲಲ್ಲಿ. ಭಾರ ಬೀಳುವ ತುದಿ ಹೊಸದರಂತೆ ಇತ್ತು. ಇದು ನನಗೆ ವಿಚಿತ್ರವೆನಿಸಬೇಕಿತ್ತು. ನಡಿಗೆಯಲ್ಲಿ ಅಂಚಿಗೆ ಅಂಥ ಎಳೆತವೇ ಬರುವುದಿಲ್ಲ. ವಿಚಿತ್ರವೆನಿಸಲಿಲ್ಲ. ಅಂಚಿನಲ್ಲಿ ಗಂಟುಗಳು ಸಾಲದಾಗಿವೆ, ಕರೆಂಟಿನ ಗೊಂದಲದಲ್ಲಿ ಅಲ್ಲಿ ಸರಿಯಾಗಿ ಹೆಪ್ಪುಗಟ್ಟಿಲ್ಲ ಎಂದುಕೊಂಡೆ. ಎರಡನೆಯದನ್ನು ಇನ್ನಷ್ಟು ಸಲ ಹೆಪ್ಪುಗಟ್ಟಿಸಿದೆ. ಅದೂ ಅದೇ ಜಾಗದಲ್ಲಿ ಹರಿಯಿತು. ಮೂರನೆಯದನ್ನು ಉಪ್ಪಿನ ನೀರಿನಲ್ಲಿ ನೆನೆಸಿದೆ. ಉಪ್ಪು ಜೆಲ್ಲಿನೊಳಗಿನ ನೀರನ್ನು ಎಳೆದುಕೊಂಡು ಬಲೆಯನ್ನು ಬಿಗಿ ಮಾಡುತ್ತದೆ. ಅಂಚು ಚೆನ್ನಾಗಿ ಬಿಗಿಯಾಯಿತು. ಚಪ್ಪಲಿಯ ತೊಗಲಿನಷ್ಟು. ಗಟ್ಟಿಯಾಗುವುದು ಬೇರೆ, ಬಾಳುವುದು ಬೇರೆ ಎಂದು ನಾನು ನನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲೇ ಬರೆದಿದ್ದೆ.

ಪ್ರತಿ ಸಲ ನಾನು ಅಕ್ಕನಿಗೆ ಕೇಳಿದ ಪ್ರಶ್ನೆ ಒಂದೇ. "ದಿನಕ್ಕ ಎಷ್ಟ ನಡೀತಿ?"

"ನಡೀತೇನಿ," ಎನ್ನುತ್ತಿದ್ದಳು. "ಮೊದಲಿನಕಿಂತ ಚೊಲೊ ನಡೀತೇನಿ."

ಮೂರನೆಯದನ್ನು ಕೊಟ್ಟ ಮರುವಾರ ನನ್ನನ್ನು ಪರೀಕ್ಷೆಯ ಕೆಲಸಕ್ಕೆ ಹಿರೇಕೆರೂರಿಗೆ ಹಾಕಿದರು. ಹಂಸಭಾವಿಯಲ್ಲಿ ಗೆಳತಿಯ ಮನೆಯಲ್ಲಿ ಉಳಿದುಕೊಂಡು ದಿನಾ ಅಲ್ಲಿಂದ ಹೋಗಿ ಬಂದೆ. ಮೂರು ವಾರ ಹತ್ತಿಮತ್ತೂರಿಗೆ ಹೋಗಲಿಲ್ಲ. ಫೋನಿನಲ್ಲಿ "ಹರೀತೇನ?" ಎಂದು ಕೇಳುತ್ತಿದ್ದೆ, "ಇಲ್ಲ, ಈ ಸಲ ಗಟ್ಟಿ ಐತಿ," ಎನ್ನುತ್ತಿದ್ದಳು. ಗಂಟೆಗಟ್ಟಲೆ ಪರೀಕ್ಷಾ ಕೊಠಡಿಯಲ್ಲಿ ಅಡ್ಡಾಡುತ್ತ ನಾನು ಮನಸ್ಸಿನಲ್ಲಿ ಒಂದು ಲೇಖನವನ್ನೇ ಬರೆದು ಮುಗಿಸಿದ್ದೆ.

ಶ್ರಾವಣದ ಒಂದು ಸೋಮವಾರ ರಜೆ ಸಿಕ್ಕಿ, ಹೇಳದೆ ಹೋದೆ. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಅಕ್ಕನ ಮನೆಯ ಹೊಸ್ತಿಲಿನ ಹೊರಗೆ, ಚಪ್ಪಲಿಗಳ ಸಾಲಿನಲ್ಲಿ, ಗೋಡೆಗೆ ಆನಿಸಿ ಅವಳ ಕಾಲು ನಿಂತಿತ್ತು. ಪಾದಕ್ಕೆ ಅರ್ಧ ಒಣಗಿದ ಸಗಣಿ. ಪಕ್ಕದ ಕಟ್ಟೆಯ ಮೇಲೆ ಬಿಸಿಲಿನಲ್ಲಿ ನನ್ನ ಗವಸು, ಒಳಮೈ ಹೊರಗಾಗಿ ಮಗುಚಿಕೊಂಡು ಬಿದ್ದಿತ್ತು. ಅಂಚು ಒಣಗಿ ಮೇಲಕ್ಕೆ ಸುರುಳಿಯಾಗಿತ್ತು.

ಒಳಗೆ ಅಕ್ಕ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಮೊಂಡಿನ ಮೇಲೆ ಸೀರೆಯ ಸೆರಗಿನ ತುದಿ.

"ಅಕ್ಕಾ, ಕಾಲ ಯಾಕ ಹೊರಗೈತಿ?"

"ಮತ್ತ ಎಲ್ಲಿರಬೇಕು? ಹೊರಗಿನ ಕಾಲ ಅದು. ನಿನ್ನ ಚಪ್ಪಲಿ ಎಲ್ಲಿ ಬಿಟ್ಟಿ?"

"ಅದು ಚಪ್ಪಲಿ ಅಲ್ಲ."

"ಸಗಣಿ ತುಳಿತೈತೋ ಇಲ್ಲೋ? ತುಳದದ್ದನ್ನ ತಂದ್ ಒಲಿ ಮುಂದ ಚಾಚ್ಕೊಂಡ ಕುಂದ್ರಲೇನ? ಆ ಕಡೆ ಪೂಜಿ ಸಾಮಾನ ಅದಾವು."

ಅಕ್ಕನ ಅತ್ತೆ ಮೂಲೆಯಲ್ಲಿ ಕಾಳು ಹಸನು ಮಾಡುತ್ತಿದ್ದರು. ಮಡಿಯ ಮಾತು ಅವರಿಂದ ಬಂದಿರಬೇಕು ಎಂದು ನಾನು ಅವರತ್ತ ನೋಡಿದೆ. ಅವರಿಗೆ ನನ್ನ ನೋಟ ಅರ್ಥವಾಯಿತು.

"ನನ್ನ ಯಾಕ ನೋಡ್ತಿ ತಂಗಿ? ತೊಳಕೊಂಡ ಒಳಗ ಬಾ ಅಂತ ನಾ ಹೇಳಿ ಹೇಳಿ ಸಾಕಾಗೇನಿ. ಕಾಲ ಯಾವುದು ಕೆರಾ ಯಾವುದು ಅಂತ ಶಿವಗ ಗೊತ್ತಾಗೂದಿಲ್ಲೇನ? ಕೇಳಬೇಕಲ್ಲ ಈಕಿ."

"ನೀವು ಸುಮ್ನಿರ್ರಿ ಅತ್ತಿ. ನನಗ ಮನಸ ಒಪ್ಪೂದಿಲ್ಲ."

"ದಿನಕ್ಕ ಎಷ್ಟ ಸಲ ಬಿಚ್ಚಿ ಹಾಕ್ಕೋತಿ?" ಎಂದು ಕೇಳಿದೆ.

"ಅದನ್ನ ಯಾರ ಎಣಸ್ತಾರ? ಹಾಲ ಕೊಡಾಕ ಹೋಗೂಮುಂದ ಹಾಕ್ಕೋತೇನಿ, ಬಂದ ಬಿಚ್ಚತೇನಿ. ದನಕ್ಕ ನೀರ ಇಡಾಕ. ಹಿತ್ತಲಕ. ಬಾಗಲಿಗೆ ಯಾರರ ಬಂದ್ರ. ನೀ ಚಪ್ಪಲಿ ಎಷ್ಟ ಸಲ ಬಿಡ್ತಿ, ಹೇಳ ನೋಡೂಣ?"

ಆ ದಿನ ಸಂಜೆಯವರೆಗೆ ನಾನು ಎಣಿಸಿದೆ. ಹದಿಮೂರು ಸಲ. ಹೊಸ್ತಿಲಿನ ಹತ್ತಿರ ಕೂತು, ಬಲಗೈಯ ಹೆಬ್ಬೆರಳನ್ನು ಅಂಚಿನೊಳಗೆ ತೂರಿಸಿ, ಪ್ರತಿ ಸಲವೂ ಒಳಮಗ್ಗುಲಿನ ಅದೇ ಜಾಗದಲ್ಲಿ, ಒಂದೇ ಎಳೆತಕ್ಕೆ ಗವಸನ್ನು ಸುಲಿದು ಬಿಡುತ್ತಿದ್ದಳು. ಕರುವಿನ ಕೊರಳಿಂದ ಹಗ್ಗ ಬಿಡಿಸಿದಷ್ಟು ಸಲೀಸು. ಆ ಎಳೆತದಲ್ಲಿ ಅಂಚು ಎರಡು ಪಟ್ಟು ಹಿಗ್ಗುತ್ತಿತ್ತು. ನನ್ನ ಮಷಿನ್ನು ಹೆಜ್ಜೆಗಳನ್ನು ಮಾತ್ರ ಎಣಿಸಿತ್ತು, ಮೇಲಿನಿಂದ ಕೆಳಕ್ಕೆ, ನೀರಿನೊಳಗೆ. ಅಕ್ಕನ ಮನೆಯಲ್ಲಿ ಹೆಜ್ಜೆಗಿಂತ ಹೆಚ್ಚು ಕೆಲಸ ಮಾಡುತ್ತಿದ್ದದ್ದು ಈ ಹೆಬ್ಬೆರಳು. ಪ್ರತಿ ಸಲ ಬಿಚ್ಚಿದ ಮೇಲೆ ವಾಸನೆ ಹಿಡಿಯಬಾರದೆಂದು ಅದನ್ನು ಬಿಸಿಲಿಗೆ ಇಡುತ್ತಿದ್ದಳು. ನೀರಿನಲ್ಲೇ ಇಡಬೇಕು ಎಂದು ನಾನು ಹೇಳಿದ್ದೆ. ಮಲಗುವಾಗ ನೀರಿನಲ್ಲಿ ಇಡಬೇಕು ಎಂದು ಅವಳು ಅರ್ಥ ಮಾಡಿಕೊಂಡಿದ್ದಳು. ಒಣಗಿದ ಜೆಲ್ಲಿನ ಅಂಚು ಉಗುರಿನಂತಾಗುತ್ತದೆ. ಮತ್ತೆ ಹಾಕಿಕೊಂಡ ಮೇಲೆ ಮೈಯ ತೇವಕ್ಕೆ ನಿಧಾನವಾಗಿ ಮೆತ್ತಗಾಗುತ್ತದೆ. ನಿಧಾನವಾಗಿ.

ಇಲ್ಲಿ ನಾನು ಒಂದು ವಾಕ್ಯವನ್ನು ಎರಡು ಸಲ ಬರೆದು ಹೊಡೆದುಹಾಕಿದೆ. "ಆ ದಿನ ನಾನು ಮೊದಲ ಸಲ ಕಾಲನ್ನು ಹೊಸ್ತಿಲಿನ ಹೊರಗೆ ನೋಡಿದೆ" ಎಂದು ಬರೆದಿದ್ದೆ. ಆದರೆ ನಾನು ಆ ಮನೆಗೆ ಎರಡು ವರ್ಷದಿಂದ ಹೋಗಿ ಬರುತ್ತಿದ್ದೆ. ಆ ಒಲೆಯ ಮುಂದೆ ಅವಳ ಪಕ್ಕ ಕೂತು ರೊಟ್ಟಿ ತಿಂದಿದ್ದೆ. ಅವಳು ಕೈಯೂರಿ ತೆವಳುತ್ತ ನೀರಿನ ಕೊಡದ ಹತ್ತಿರ ಹೋಗುವುದನ್ನು ನೋಡದೆ ಇದ್ದಿರಲು ಸಾಧ್ಯವೇ? ಸಿಲಿಕೋನಿನ ಗವಸಿದ್ದಾಗಲೂ ಅವಳು ಹೀಗೆಯೇ ಮಾಡುತ್ತಿದ್ದಳಂತೆ. ಅಂದರೆ ನಾನು ನೋಡಿದ್ದೇನೆ. ಹೊಸ್ತಿಲಿನ ಹೊರಗೆ ನನ್ನ ಚಪ್ಪಲಿ ಬಿಡುವಾಗ ಅವಳ ಕಾಲಿನ ಪಕ್ಕದಲ್ಲೇ ಬಿಟ್ಟಿದ್ದೇನೆ. ನಾನೂ ಅಂಥದೇ ಮನೆಯಲ್ಲಿ ಬೆಳೆದವಳು. ಹೊರಗೆ ತುಳಿದದ್ದು ಹೊರಗೇ ಇರಬೇಕು ಎಂಬುದು ನನ್ನ ಕಣ್ಣಿಗೆ ಎಷ್ಟು ಸಹಜವಾಗಿತ್ತೆಂದರೆ ಅದು ಪ್ರಯೋಗದ ಭಾಗವೆಂದು ತೋರಲೇ ಇಲ್ಲ. ಬೇರೆ ಊರಿನ, ಚಪ್ಪಲಿ ಹಾಕಿಕೊಂಡೇ ಮನೆಯಲ್ಲಿ ತಿರುಗಾಡುವ ಯಾರಾದರೂ ಬಂದಿದ್ದರೆ ಮೊದಲ ದಿನವೇ ಕೇಳುತ್ತಿದ್ದರು.

ಸಂಜೆ, ಹದಿಮೂರನೆಯ ಸಲ ಬಿಚ್ಚಿದಾಗ, ಮೊಂಡನ್ನು ತೋರಿಸು ಎಂದೆ. ಮೊಣಕಾಲಿನ ಕೆಳಗೆ ಒಳಮಗ್ಗುಲಲ್ಲಿ, ಅಂಚು ಕೂರುವ ಗೆರೆಯ ಮೇಲೆ, ಎರಡು ಬೆರಳಿನಷ್ಟು ಉದ್ದ ಚರ್ಮ ಕಪ್ಪಗಾ‌ಗಿತ್ತು. ಒತ್ತಿದರೆ ಬದಿಯಿಂದ ತೇವ ಜಿನುಗಿತು.

"ನೋವಿಲ್ಲೇನ?"

"ನೋವಿದ್ರ ಹೇಳತಿದ್ದಿಲ್ಲೇನ?" ಎಂದಳು. ಸಕ್ಕರೆ ಅಲ್ಲಿನ ನೋವನ್ನು ಎಂದೋ ತಿಂದುಹಾಕಿತ್ತು.

ಮರುದಿನ ಬೆಳಿಗ್ಗೆ ಹುಬ್ಬಳ್ಳಿ. ಅಕ್ಕ ಬಾಡಿಗೆ ಗಾಡಿಯ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು, ಶಿಗ್ಗಾವಿ ದಾಟುವಾಗ ನಮ್ಮ ತವರು ದುಂಡಸಿಗೆ ಹೋಗುವ ಬಸ್ಸು ನೋಡಿ, "ಅವ್ವಗ ಹೇಳಬ್ಯಾಡ," ಎಂದಳು. ಆಸ್ಪತ್ರೆಯಲ್ಲಿ ಅದೇ ಡಾಕ್ಟರು, ಇದರ ಮೇಲೆ ಏನು ಹಾಕುತ್ತಿದ್ದಿರಿ ಎಂದು ಕೇಳಿದರು. ನಾನೇ ಮಾಡಿದ ಗವಸು ಎಂದು ನಾನು ಹೇಳಿದೆ, ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ನನ್ನ ನೆನಪಿನಲ್ಲಿ ಇದು ಹೀಗಿದೆ. ಅಕ್ಕ ಹೇಳುವುದು ಬೇರೆ. "ನೀ ಏನೂ ಹೇಳಲಿಲ್ಲ. ಗ್ವಾಡಿ ನೋಡ್ಕೊಂತ ನಿಂತಿದ್ದಿ. ನಾನ ಅಂದೆ, ಏನೋ ಗವಸರಿ, ಹಳೇದು, ಅಂತ." ಇಬ್ಬರಲ್ಲಿ ಅವಳನ್ನು ನಂಬುವುದೇ ಲೇಸು. ಆ ಕೋಣೆಯಲ್ಲಿ ಜ್ವರವಿದ್ದದ್ದು ಅವಳಿಗೆ, ಆದರೂ ತಲೆ ಸರಿಯಿದ್ದದ್ದು ಅವಳದೇ.

ವಿಷ ಎಲುಬಿಗೆ ಇಳಿದಿತ್ತು. ಮೊದಲು ಕೆರೆದು ತೆಗೆದರು. ಹತ್ತು ದಿನ ಕಾದರು. ಆಮೇಲೆ ಮೊಣಕಾಲು ಹೋಯಿತು.

ಈಗ ಅವಳಿಗೆ ಉಳಿದಿರುವುದು ತೊಡೆಯ ಅರ್ಧ. ಅದಕ್ಕೂ ಕಾಲು ಮಾಡುತ್ತಾರೆ, ಭಾರವಾದದ್ದು, ಸೊಂಟಕ್ಕೆ ಪಟ್ಟಿ ಬಿಗಿಯುವಂಥದ್ದು. ಒಂದು ಸಲ ಹಾಕಿ ನೋಡಿದಳು, ಬಾಗಿಲವರೆಗೆ ಹೋಗಲಿಲ್ಲ. ಮೊಣಕಾಲಿದ್ದಾಗ ಹೊಸ್ತಿಲಿನ ಹತ್ತಿರ ಕೂತು ಏಳುತ್ತಿದ್ದಳು, ಈಗ ಯಾರಾದರೂ ಎತ್ತಬೇಕು. ಒಲೆಯ ಮುಂದೆ ಸಮತೋಲ ಸಿಗುವುದಿಲ್ಲ, ರೊಟ್ಟಿ ಬಡಿಯುವಾಗ ಮಗ್ಗುಲಿಗೆ ವಾಲುತ್ತಾಳೆ. ಅತ್ತೆಯೇ ಬಡಿಯುತ್ತಾರೆ. ಹೊಲಿಗೆ ಮಷಿನ್ನನ್ನು ನಾನು ಮರಳಿ ತಂದುಕೊಟ್ಟೆ. ಮೋಟರು ಬಿಚ್ಚಿರಲಿಲ್ಲ, ಕೈಯಿಂದಲೇ ಗುಂಡಿ ಒತ್ತಿ ಹೊಲಿಯಬಹುದು ಎಂದು ತೋರಿಸಿದೆ. ಅವಳು ನೋಡಿದಳು. ಹೊಲಿಯಲಿಲ್ಲ.

ನಾನು ಮಾಡಿದ ಇನ್ನೊಂದು ಕೆಲಸವನ್ನೂ ಹೇಳಬೇಕು. ಮೂರನೆಯ ಗವಸನ್ನು ಹಾನಗಲ್ಲಿಗೆ ತಂದು ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಅಂಚಿನಲ್ಲಿ ಸಣ್ಣ ಬಿರುಕುಗಳಿದ್ದವು. ಅವು ಮೊದಲೇ ಬಂದು ಚರ್ಮಕ್ಕೆ ಚುಚ್ಚಿದ್ದವೋ, ನಾವು ಆಸ್ಪತ್ರೆಯಲ್ಲಿದ್ದಾಗ ಒಂದು ತಿಂಗಳು ಕಟ್ಟೆಯ ಮೇಲೆ ಒಣಗಿ ಬಂದವೋ ತಿಳಿಯುವ ದಾರಿಯಿರಲಿಲ್ಲ. ನೀರಿಗೆ ಹಾಕಿದೆ. ಉಬ್ಬಿತು, ಮೆತ್ತಗಾಯಿತು, ಬಿರುಕುಗಳು ಬೇರೆ ಆಕಾರಕ್ಕೆ ತಿರುಗಿದವು. ಹಾಗೆ ಸಾಕ್ಷಿಯನ್ನೂ ನಾನೇ ಕೆಡಿಸಿದೆ. ಅಂಚನ್ನು ಎಳೆದು ಬಿಡುವ ಹೊಸ ಪರೀಕ್ಷೆಯೊಂದನ್ನು ಕಾಗದದ ಮೇಲೆ ಬರೆದೆ, ದಿನಕ್ಕೆ ಹದಿಮೂರು ಸಲ ಸುಲಿಯುವುದು, ನಡುನಡುವೆ ಒಣಗಿಸುವುದು. ಯಾರಿಗಾದರೂ ಅದರಿಂದ ಉಪಯೋಗವಾಗಬಹುದು. ನನಗೆ ಮುಂದೆ ಮಾಡುವ ಮನಸ್ಸಿಲ್ಲ. ಪುಡಿಯ ಪೊಟ್ಟಣ ಚಾಚಾ ಅವರ ಅಂಗಡಿಯಲ್ಲೇ ಇದೆ. ಅವರು ಬಿಸಾಡಿಲ್ಲ, ನಾನು ಕೇಳಿಲ್ಲ.

ಹೋದ ತಿಂಗಳು ಅಕ್ಕನ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಅವಳ ಮುಖ ನನಗೆ ಕಾಣುತ್ತಿರಲಿಲ್ಲ.

"ಆ ಗಾಯ ನಿನ್ನ ಗಟ್ಟಿ ಗಿಣ್ಣದಿಂದ ಆಗಿದ್ದಲ್ಲ," ಎಂದಳು, ತಾನಾಗಿಯೇ. "ಮೂರನೇದು ನೀ ತಂದ ಕೊಡೂಕಿಂತ ಮದಲ ಇತ್ತು. ನಾ ನೋಡಿದ್ದೆ."

"ಹೇಳಲಿಲ್ಲ ಯಾಕ?"

"ಹೇಳಿದ್ರ ಕಸಗೊಂಡ ಹೋಗತಿದ್ದಿ. ಅದು ತಣ್ಣಗಿತ್ತು."

ಕೈ ನಿಂತಿತು. "ಹಚ್ಚ, ಸುಮ್ಮನ ಕುಂತಿ ಯಾಕ," ಎಂದಳು. ಹಚ್ಚಿದೆ.

ಮೂರನೆಯದನ್ನು ಕೊಟ್ಟ ದಿನ ನಾನೇ ಅವಳ ಮೊಂಡಿಗೆ ಅದನ್ನು ತೊಡಿಸಿದ್ದೆ. ಗಾಯ ಇದ್ದಿದ್ದರೆ ನನಗೆ ಕಾಣಬೇಕಿತ್ತು. ತೊಡಿಸಿದ್ದು ನೆನಪಿದೆ, ಚರ್ಮ ಹೇಗಿತ್ತು ಎಂಬುದು ನೆನಪಿಲ್ಲ. ನಾನು ಬಹುಶಃ ಜೆಲ್ಲನ್ನು ನೋಡುತ್ತಿದ್ದೆ. ಗಾಯ ಮೊದಲೇ ಇತ್ತೋ, ನನ್ನ ಗವಸಿನ ಆ ಗಟ್ಟಿ ಅಂಚಿನಿಂದ ಆಯಿತೋ ನನಗೆ ಗೊತ್ತಿಲ್ಲ. ಅಕ್ಕ ಅದನ್ನು ನಿಜವಾಗಿ ನೋಡಿದ್ದಳೋ, ಅಥವಾ ನನಗಾಗಿ ನೋಡಿದೆ ಎಂದಳೋ, ಅದೂ ಗೊತ್ತಿಲ್ಲ. ಮತ್ತೆ ಕೇಳಿಲ್ಲ.